ಸೂಪಾದವರೆಗೆ

ಶುಕ್ರವಾರದ ಜುಮಾ ನಮಾಜು ಮುಗಿಸಿ ಬಂದ ಅಬ್ದುಲ್ ರಜಾಕರು ಊಟಕ್ಕೆ ಕೂತು ಮೊದಲ ತುತ್ತು ಎತ್ತಿದ್ದರು. ಅಷ್ಟರಲ್ಲಿ ಫೋನು ಬಂತು. ತಮ್ಮ ಅತೀಕನ ನಂಬರು. ಹಳಿಯಾಳಕ್ಕೆ ಹೋದವನು ಸಂತೆಯಿಂದ ಏನು ತರಲಿ ಎಂದು ಕೇಳುತ್ತಾನೆ ಎಂದುಕೊಂಡು ಎಡಗೈಯಿಂದ ಎತ್ತಿದರು. ಆ ಕಡೆ ಹೆಂಗಸಿನ ದನಿ.

"ನೀವು ಇವರ ಅಣ್ಣ ಏನ್ರಿ? ನಾನು ಸ್ವಪ್ನಾ ಅಂತ. ಸೂಪಾ ಡ್ಯಾಮಿನ ರಸ್ತಾಕ ನನ್ನ ಚಹಾದಂಗಡಿ ಐತಿ. ನೀವು ಲಗೂ ಬರ್ರಿ. ಇವರು ಮರಕ್ಕ ಆನಿಕೊಂಡು ಕೂತಾರ, ಮಾತಾಡವಲ್ಲರು."

"ಚಕ್ಕರ್ ಬಂದೈತೇನ್ರಿ?"

"ಆಂಬುಲೆನ್ಸಿನವರು ಬಂದು ನೋಡಿದ್ರು ಅಣ್ಣಾ. ನೀವು ಬರ್ರಿ."

ಕೈಯಲ್ಲಿದ್ದ ತುತ್ತು ತಾಟಿಗೆ ಹಿಂದಿರುಗಿತು. ಸಾವಿನ ಸುದ್ದಿಗೆ ಹೇಳುವ 'ಇನ್ನಾ ಲಿಲ್ಲಾಹಿ' ಎಂಬ ಮಾತು ತುಟಿಗೆ ಬರುವ ಮೊದಲೇ ರಜಾಕರ ಮನಸ್ಸಿಗೆ ಬೇರೊಂದು ಮಾತು ಬಂದಿತ್ತು. ದಾಂಡೇಲಿಯಿಂದ ಹಳಿಯಾಳ ಒಂದು ದಿಕ್ಕು, ಸೂಪಾ ಇನ್ನೊಂದು ದಿಕ್ಕು. ಹಳಿಯಾಳಕ್ಕೆಂದು ಹೋದವನು ಸೂಪಾದಲ್ಲಿ ಏನು ಮಾಡುತ್ತಿದ್ದ? ತಮ್ಮ ಸತ್ತ ಸುದ್ದಿ ಕಿವಿಯಲ್ಲಿ ಇರುವಾಗ ಇಂಥ ಲೆಕ್ಕ ಹಾಕಿದ ಮನಸ್ಸಿನ ಬಗ್ಗೆ ಅವರಿಗೆ ಆಮೇಲೆ ನಾಚಿಕೆಯಾಯಿತು.

ಸೂಪಾಕ್ಕೆ ಹೋಗಿ ನೋಡಿದರೆ ಅತೀಕ ನಿದ್ದೆ ಹೋದವನಂತೆಯೇ ಇದ್ದ. ಎದೆಯ ಬಡಿತ ನಿಂತಿತ್ತು, ಅಷ್ಟೇ. ಮೈಮೇಲೆ ಒಂದು ತರಚು ಗಾಯವೂ ಇಲ್ಲ. ಪಕ್ಕದಲ್ಲಿ ಸಣ್ಣ ಗ್ಯಾಸಿನ ಒಲೆ, ಒಂದು ಡಬರಿ, ಅರ್ಧ ಕುಡಿದಿಟ್ಟ ಚಹಾದ ಲೋಟ. ಸ್ವಲ್ಪ ಆಚೆಗೆ ಸ್ಟ್ಯಾಂಡು ಹಾಕಿ ನಿಲ್ಲಿಸಿದ ಕರಿಯ ಬುಲೆಟ್ ಗಾಡಿ. ಅದರ ಹಿಂದುಗಡೆ ಕಂಬಳಿ, ಬ್ಯಾಗು, ಎಣ್ಣೆಯ ಡಬ್ಬಿ, ಎಲ್ಲವನ್ನೂ ನೀಲಿ ಹಗ್ಗದಿಂದ ಬಿಗಿದು ಕಟ್ಟಿತ್ತು. ಯಾರಾದರೂ ನೋಡಿದರೆ ತಿಂಗಳೊಪ್ಪತ್ತಿನ ಪಯಣಕ್ಕೆ ಹೊರಟವನು ಎನ್ನಬೇಕು.

"ದರ ಶುಕ್ರವಾರ ಬರ್ತಿದ್ರು," ಎಂದಳು ಸ್ವಪ್ನಾ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಹಿಂಗ ಸಾಮಾನು ಕಟಗೊಂಡು. ನನ್ನ ಅಂಗಡಿ ಮುಂದನ ಕೂತು ತಮ್ಮ ಚಹಾ ತಾವ ಕಾಸ್ತಿದ್ರು. ನನಗ ಸಿಟ್ಟು ಬರ್ತಿತ್ತು. 'ನನ್ನ ಚಹಾದಾಗ ವಿಷ ಐತೇನ್ರಿ?' ಅಂದ್ರ, 'ಲಡಾಖದಾಗ ನಿನ್ನ ಅಂಗಡಿ ಇರೂದಿಲ್ಲಕ್ಕಾ, ರೂಢಿ ಆಗ್ಬೇಕಲ್ಲ' ಅಂತಿದ್ರು."

ರಜಾಕರ ಕಣ್ಣು ಗಾಡಿಯ ಮೇಲೆ ನೆಟ್ಟಿತ್ತು. ಪೆಟ್ರೋಲ್ ಟಾಕಿಯ ಮೇಲೆ ಹಳದಿ ಬಣ್ಣದಲ್ಲಿ 'ಓಂ ನಮಃ ಶಿವಾಯ' ಎಂದು ಬರೆದಿತ್ತು. ಅದು ರಿಪೇರಿಗೆಂದು ಬಂದಿದ್ದ, ಮುಂಡಗೋಡ ತಾಲೂಕಿನ ಇಂದೂರಿನ ಅಡಿವೆಯ್ಯನವರ ಗಾಡಿ. ಮೊನ್ನೆ ಬುಧವಾರವಷ್ಟೇ ಅತೀಕನ ಗ್ಯಾರೇಜಿನ ಕುರ್ಚಿಯಲ್ಲಿ ಕೂತಿದ್ದ ರಜಾಕರು, ಅವನು ಫೋನಿನಲ್ಲಿ ಅವರಿಗೆ ಹೇಳಿದ ಮಾತನ್ನು ಕಿವಿಯಾರೆ ಕೇಳಿದ್ದರು. "ಅಯ್ಯಾರ, ಇಂಜಿನ್ ಬಿಚ್ಚಿ ಇಟ್ಟೇನ್ರಿ. ಹುಬ್ಬಳ್ಳಿಯಿಂದ ಸಾಮಾನು ಬಂದಿಲ್ರಿ. ಬಂದ ತಕ್ಷಣ ನಾನ ಫೋನ್ ಮಾಡ್ತೇನಿ."

ಬಿಚ್ಚಿಟ್ಟ ಇಂಜಿನ್ನು ಇಲ್ಲಿ ಮರದ ನೆರಳಿನಲ್ಲಿ ನಿಂತಿತ್ತು.

ಮೆಕ್ಯಾನಿಕರಲ್ಲಿ ಒಂದು ಪದ್ಧತಿಯಿದೆ. ಇಂಜಿನ್ನಿನ ಸಿಲಿಂಡರು ಕೊರೆಸಿ ಹೊಸ ಬೋರು ಹಾಕಿದ ಮೇಲೆ ಅದನ್ನು ಮಾಲಕನ ಕೈಗೆ ಹಾಗೆಯೇ ಕೊಡುವುದಿಲ್ಲ. ಎಳೆಯ ಹೋರಿಯನ್ನು ನೊಗಕ್ಕೆ ಪಳಗಿಸುವಂತೆ, ಮೆಕ್ಯಾನಿಕನೇ ಕೆಲವು ದಿನ ಅದನ್ನು ಮೆಲ್ಲಗೆ ಓಡಿಸಿ ಹದಕ್ಕೆ ತರುತ್ತಾನೆ. ಇದಕ್ಕೆ ಅವರು 'ರನಿಂಗ್ ಮಾಡುವುದು' ಎನ್ನುತ್ತಾರೆ. ಅದು ಮಾಲಕನಿಗೂ ಗೊತ್ತು, ಅದರಲ್ಲಿ ತಪ್ಪಿಲ್ಲ. ಆದರೆ ಜೂನಿನ ಮಿರಗದ ಮಳೆ ಹೊತ್ತಿಗೆ ಬಂದ ಗಾಡಿ ದಸರೆ ಕಳೆದರೂ ರನಿಂಗಿನಲ್ಲಿಯೇ ಇದ್ದರೆ, ಅದಕ್ಕೆ ಏನೆನ್ನಬೇಕು?

ಗಾಡಿಯನ್ನು ಓಡಿಸಿಕೊಂಡು ಬರುತ್ತೇವೆಂದು ಜೊತೆಗೆ ಬಂದಿದ್ದ ನೆರೆಯ ಹುಡುಗರು ಮುಂದೆ ಬಂದರು. ರಜಾಕರು ಬೇಡವೆಂದರು. "ಇದು ಪರರ ಅಮಾನತ್ತು. ನಮ್ಮನ್ನ ನಂಬಿ ಇಟ್ಟಿದ್ದು. ಇನ್ನ ಇದರ ಗಾಲಿ ಯಾರೂ ತಿರುಗಸಬ್ಯಾಡ್ರಿ." ತಮ್ಮನ ದೇಹ ಒಂದು ವಾಹನದಲ್ಲಿ, ಗಾಡಿ ಇನ್ನೊಂದು ಟೆಂಪೋದಲ್ಲಿ ದಾಂಡೇಲಿಗೆ ಬಂದವು.

ಜನಾಜಾ ನಮಾಜಿಗೆ ಮುಂಚೆ, ಪದ್ಧತಿಯಂತೆ, ಮನೆಯ ಹಿರಿಯರಾದ ರಜಾಕರು ಜನರ ಮುಂದೆ ನಿಂತರು. "ನನ್ನ ತಮ್ಮನಿಂದ ಯಾರಿಗಾದ್ರೂ ಏನಾದ್ರೂ ಬರೂದಿದ್ರ ನನಗ ಹೇಳ್ರಿ, ನಾನು ತೀರಸ್ತೇನಿ. ಯಾರ ಮನಸ್ಸಾದ್ರೂ ನೋಯಿಸಿದ್ರ ಮಾಫ್ ಮಾಡ್ರಿ."

"ಮಾಫ್, ಮಾಫ್," ಎಂದರು ಜನ. ಒಬ್ಬ ಮುದುಕ ಅಳುತ್ತ, "ನನ್ನ ಸ್ಕೂಟರ್ ಪುಕ್ಕಟೆ ರಿಪೇರಿ ಮಾಡಿದಾವ ಅವ, ನಾವ ಅವನ್ನ ಮಾಫಿ ಕೇಳಬೇಕು" ಎಂದ. ಆದರೆ ಯಾರ ಬಾಯಿಂದ ಆ ಮಾತು ಬರಬೇಕಿತ್ತೋ ಆ ಮನುಷ್ಯ ಆ ಗುಂಪಿನಲ್ಲಿರಲಿಲ್ಲ. ಅವರಿಗೆ ಸುದ್ದಿಯೂ ಗೊತ್ತಿರಲಿಲ್ಲ.

ಮಣ್ಣು ಕೊಟ್ಟು ಬಂದ ಮೇಲೆ ರಜಾಕರು ಮಸೀದಿಯ ಹಾಫಿಜರನ್ನು ಒಂದು ಬದಿಗೆ ಕರೆದು, ಗಾಡಿಯ ಸಂಗತಿ ಹೇಳಿ, ಇದಕ್ಕೆ ಮಾಫಿ ಹೇಗೆಂದು ಕೇಳಿದರು. ಹಾಫಿಜರು ಗಡ್ಡ ನೀವಿಕೊಂಡು ನಿಧಾನವಾಗಿ ಹೇಳಿದರು. "ಭಾಯ್, ಅಲ್ಲಾಹನ ಹಕ್ಕಿನಾಗ ತಪ್ಪಿದ್ರ ಅಲ್ಲಾಹ ಮಾಫ್ ಮಾಡ್ತಾನ. ಅವನ ರಹಮತ್ ಸಮುದ್ರ ಇದ್ದಂಗ. ಆದ್ರ ಮನುಷ್ಯಾರ ಹಕ್ಕಿನಾಗ ತಪ್ಪಿದ್ರ ಆ ಮನುಷ್ಯಾನ ಮಾಫ್ ಮಾಡಬೇಕು. ಅಲ್ಲೀತನಕ ಅದು ತೂಗತಿರ್ತದ."

ಆ 'ತೂಗತಿರ್ತದ' ಎಂಬ ಮಾತು ರಜಾಕರ ಎದೆಯಲ್ಲಿ ಮುಳ್ಳಿನಂತೆ ನೆಟ್ಟಿತು. ನಮಾಜಿನಲ್ಲಿ ಹಣೆ ನೆಲಕ್ಕೆ ಮುಟ್ಟಿಸಿದಾಗಲೂ ಅದೇ. ತಾವು ಇಲ್ಲಿ ಚಾಪೆಯ ಮೇಲೆ ಕೂತಿದ್ದಾರೆ, ತಮ್ಮ ಅಲ್ಲಿ ಮಣ್ಣಿನೊಳಗೆ ಒಬ್ಬನೇ ಲೆಕ್ಕ ಕೊಡುತ್ತಿದ್ದಾನೆ. ಅಡಿವೆಯ್ಯನವರು 'ಮಾಫ್' ಎನ್ನದೆ ಹೋದರೆ? ಸಿಟ್ಟಿನಲ್ಲಿ ಒಂದು ಶಾಪ ಹಾಕಿಬಿಟ್ಟರೆ?

ತಂದೆ ತೀರಿಹೋದಾಗ ಅತೀಕ ಇನ್ನೂ ಚಡ್ಡಿ ಹಾಕುತ್ತಿದ್ದ. ಕಾಗದದ ಕಾರ್ಖಾನೆಯಲ್ಲಿ ದುಡಿದು ರಜಾಕರೇ ಅವನನ್ನು ಬೆಳೆಸಿದರು. ಮೀಸೆ ಬಂದಾಗಿನಿಂದಲೂ ಅವನಿಗೆ ಒಂದೇ ಹುಚ್ಚು, ಗಾಡಿಯ ಮೇಲೆ ಲಡಾಖಕ್ಕೆ ಹೋಗಬೇಕು. ಊಟಕ್ಕೆ ಕೂತಾಗ ತನ್ನ ಮಗಳು ಮೆಹರೀನಳಿಗೆ ಊರುಗಳ ಹೆಸರು ಹೇಳಿಕೊಡುತ್ತಿದ್ದ. ಬೆಳಗಾವಿ, ಕೊಲ್ಹಾಪುರ, ಪುಣೆ, ನಾಸಿಕ, ಉದಯಪುರ, ಅಜ್ಮೇರ, ಅಮೃತಸರ, ಶ್ರೀನಗರ. ತಸ್ಬಿಯ ಮಣಿ ಎಣಿಸಿದಂತೆ ಆ ಹುಡುಗಿ ಎಲ್ಲವನ್ನೂ ಒಪ್ಪಿಸುತ್ತಿತ್ತು. ಪ್ರತಿ ವರ್ಷ ಬೇಸಿಗೆ ಬಂದಾಗ ಅವನು ಅಣ್ಣನ ಮುಖ ನೋಡುತ್ತಿದ್ದ. ಒಂದು ವರ್ಷ ತಂಗಿಯ ಮದುವೆ. ಇನ್ನೊಂದು ವರ್ಷ ತಾಯಿ ಮದೀನಾಬಿಯವರ ಕಾಯಿಲೆ. ಆಮೇಲೆ ಮನೆಯ ಮೇಲ್ಛಾವಣಿ, ಮೆಹರೀನಳ ಹತ್ತನೆಯ ತರಗತಿ. "ಮುಂದಿನ ವರ್ಷ ಹೋಗು," ಎನ್ನುತ್ತಿದ್ದರು ರಜಾಕರು. ಅತೀಕ ಎದುರು ಮಾತಾಡಿದವನಲ್ಲ. "ಆತು ಭಾಯ್" ಎಂದು ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡು ಕೆಲಸಕ್ಕೆ ಹೋಗುತ್ತಿದ್ದ.

ಮೂರನೆಯ ದಿನದ ಜಿಯಾರತ್ತಿನಂದು ರಜಾಕರು ತಮ್ಮನ ಹೆಂಡತಿ ಆಸಿಫಾಳನ್ನು ಕೇಳಿದರು. ಗಂಡ ಸತ್ತವರು ಮನೆಯೊಳಗೇ ಇರುವ ಇದ್ದತ್ತಿನಲ್ಲಿ ಕೂತ ಆಕೆ ಪರದೆಯ ಆಚೆಯಿಂದಲೇ ಉತ್ತರ ಕೊಟ್ಟಳು.

"ನಿನಗ ಗೊತ್ತಿತ್ತೇನವ್ವಾ?"

"ಸೂಪಾಕ್ಕ ಹೋಗ್ತಾರ ಅಂತ ಗೊತ್ತಿತ್ರಿ. ಹಗ್ಗ ನಾನ ಕಟ್ಟಿ ಕೊಡ್ತಿದ್ದೆ. ಅವರು ಕಟ್ಟಿದ್ರ ಸಡ್ಲ ಆಗ್ತಿತ್ತು." ಆಮೇಲೆ ತಾನೇ ಸೇರಿಸಿದಳು. "ಗಾಡಿ ಯಾರ್ದು ಅಂದ್ರ 'ರನಿಂಗದಾಗ ಐತಿ' ಅಂದ್ರು. ನಾ ಮತ್ತ ಕೇಳಲಿಲ್ರಿ. ಸಂಜಿ ಮುಂದ ತಿರುಗಿ ಬರ್ತಿದ್ರಲ್ಲ, ನನಗ ಅಷ್ಟ ಸಾಕಿತ್ತು."

ಮರುದಿನ ಬೆಳಿಗ್ಗೆ ಬುಲೆಟ್ಟನ್ನು ಮುದಕಪ್ಪನ ಟೆಂಪೋಕ್ಕೆ ಹೇರಿಸಿಕೊಂಡು ರಜಾಕರು ಇಂದೂರಿಗೆ ಹೊರಟರು. ಫೋನು ಮಾಡಲಿಲ್ಲ. ಇಂಥ ಮಾತನ್ನು ಮುಖ ನೋಡಿಯೇ ಆಡಬೇಕು. ಮುದಕಪ್ಪ ಬಾಯಿ ಕಟ್ಟಿಕೊಂಡು ಇರುವ ಮನುಷ್ಯನಲ್ಲ.

"ಚಾಚಾ, ಗಾಡಿ ಚಾಲೂ ಐತಿ. ಎಣ್ಣಿ ಐತಿ. ಮತ್ತ ಹೇರಕೊಂಡು ಹೊಂಟೀರಲ್ಲ! ಎತ್ತನ್ನ ಹೆಗಲ ಮ್ಯಾಲೆ ಹೊತಗೊಂಡು ಹೊಲಕ್ಕ ಹೋದಂಗಾತು."

"ಮಾಲಕರನ್ನ ಕೇಳ್ದ ಓಡಸಬಾರ್ದಪ್ಪ."

"ಅತೀಕಭಾಯ್ ಓಡಸಿದ್ರಲ್ಲ?"

ರಜಾಕರು ಕಿಟಕಿಯ ಕಡೆ ಮುಖ ತಿರುಗಿಸಿದರು. ಮುದಕಪ್ಪನಿಗೆ ತನ್ನ ಮಾತು ಎಲ್ಲಿ ನೆಟ್ಟಿತೆಂದು ತಿಳಿಯಿತು. ಕಲಘಟಗಿ ದಾಟುವವರೆಗೂ ಮತ್ತೆ ತುಟಿ ಬಿಚ್ಚಲಿಲ್ಲ.

ಅಡಿವೆಯ್ಯನವರು ಅಂಗಳದಲ್ಲಿ ಗೋವಿನಜೋಳ ಹರವುತ್ತಿದ್ದರು. ಹಣೆಯ ಮೇಲೆ ಮೂರು ಬೆರಳು ವಿಭೂತಿ, ಹೆಗಲ ಮೇಲೆ ವಲ್ಲಿ. ಟೆಂಪೋದ ಮೇಲೆ ತಮ್ಮ ಗಾಡಿ ಕಂಡು ಮುಖ ಅರಳಿತು.

"ಬರ್ರಿ ಬರ್ರಿ! ಅಂತೂ ಹುಬ್ಬಳ್ಳಿಯಿಂದ ಸಾಮಾನು ಬಂತೇನ್ರಿ? ನಾ ತಿಳಿದಿದ್ದೆ, ಅದು ಬರಿಗಾಲಿಲೆ ನಡಕೋತ ಬರಾಕತ್ತೈತಿ ಅಂತ. ಅತೀಕ ಎಲ್ಲಿ? ನಾ ಬಯ್ತೇನಿ ಅಂತ ಅಂಜಿ ಅಣ್ಣನ್ನ ಕಳಿಸ್ಯಾನೇನು?"

"ಅತೀಕ ಹೋದ್ರೀ, ಅಯ್ಯಾರ. ಶುಕ್ರವಾರ."

ಅಡಿವೆಯ್ಯನವರ ಕೈಯ ಜೋಳ ಜಾರಿ ನೆಲಕ್ಕೆ ಬಿತ್ತು. "ಶಿವ ಶಿವಾ! ಏನಂತೀರಿ? ಸಣ್ಣ ವಯಸ್ಸಿತ್ತಲ್ರೀ!" ಎಂದು ರಜಾಕರ ಎರಡೂ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿದರು. ಒಳಗಿನಿಂದ ಅವರ ಹೆಂಡತಿ ನೀಲಕ್ಕ ನೀರಿನ ತಂಬಿಗೆ ಹಿಡಿದು ಬಂದಳು. ರಜಾಕರು ನೀರು ಮುಟ್ಟಲಿಲ್ಲ. ಮೊದಲು ಹೇಳುವುದನ್ನು ಹೇಳಿ ಮುಗಿಸಬೇಕೆಂದು ಹಟದಿಂದ ಎಲ್ಲವನ್ನೂ ಹೇಳಿದರು. ಇಂಜಿನ್ನು ಮಳೆಗಾಲದಲ್ಲಿಯೇ ತಯಾರಾಗಿತ್ತು. ಸಾಮಾನು ಬಂದಿಲ್ಲ ಎಂದದ್ದು ಸುಳ್ಳು. ಶುಕ್ರವಾರ ಶುಕ್ರವಾರ ಅವನು ಇದರ ಮೇಲೆ ಸಾಮಾನು ಕಟ್ಟಿಕೊಂಡು ಹೋಗುತ್ತಿದ್ದ. "ಅವನ ಪರವಾಗಿ ಮಾಫಿ ಕೇಳಾಕ ಬಂದೇನ್ರಿ," ಎಂದು ಕೈ ಜೋಡಿಸಿದರು.

ಅಡಿವೆಯ್ಯನವರ ಮುಖದ ಮೇಲಿದ್ದ ದುಃಖ ಮೆಲ್ಲಗೆ ಬೇರೆ ಏನೋ ಆಗುತ್ತಿರುವುದನ್ನು ರಜಾಕರು ನೋಡಿದರು.

"ಶ್ರಾವಣದಾಗ," ಎಂದರು ಅಡಿವೆಯ್ಯ, "ಮಳಗಿಯಿಂದ ಫೋನ್ ಬಂತ್ರಿ. ನಮ್ಮಕ್ಕ ಗುರುಸಿದ್ದವ್ವಗ ಜೋರಾಗೈತಿ, ನಿನ್ನ ಹೆಸರ ಹಿಡಿದು ಕರ್ಯಾಕತ್ತಾಳ ಅಂತ. ಆವಾಗ ಬಸ್ಸು ಹೋಗಿಬಿಟ್ಟಿತ್ತು. ನಾ ಅತೀಕಗ ಫೋನ್ ಮಾಡ್ದೆ. 'ಗಾಡಿ ಹೆಂಗಾರ ಮಾಡಿ ತಯಾರ್ ಮಾಡಪಾ' ಅಂದೆ. 'ಸಾಮಾನು ಬಂದಿಲ್ರಿ' ಅಂದ. ಅವ ಮಾತಾಡೂ ಮುಂದ ಫೋನಿನ್ಯಾಗ ನೀರಿನ ಸಪ್ಪಳ ಭೋರ್ ಅಂತ ಕೇಳ್ತಿತ್ತು. ನಾ ದಾಂಡೇಲಿಯಾಗ ಮಳಿ ಅಂತ ತಿಳಿದೆ." ಅವರು ತಲೆ ಎತ್ತಿದರು. "ಅದು ಮಳಿ ಅಲ್ರಿ. ಡ್ಯಾಮಿನ ನೀರು. ಅವತ್ತೂ ಶುಕ್ರವಾರನ. ನನ್ನ ಗಾಡಿ ಮ್ಯಾಲೆ ಕೂತಗೊಂಡು ನನಗ ಸುಳ್ಳು ಹೇಳ್ಯಾನ. ಮುಂಜಾನೆ ಮೊದಲ ಬಸ್ಸಿಗೆ ನಾ ಮಳಗಿಗೆ ಹೋಗೂದ್ರಾಗ ಅಕ್ಕನ ಹೆಣಾ ಕುಂದ್ರಿಸಿ ಹೂ ಏರಿಸಿದ್ರು."

ಇಷ್ಟು ದೊಡ್ಡ ಭಾರ ಇರಬಹುದೆಂದು ರಜಾಕರು ಕನಸಿನಲ್ಲಿಯೂ ಎಣಿಸಿರಲಿಲ್ಲ.

"ಇಂಥಾದ್ದಕ್ಕ ಹೆಂಗ ಮಾಫ್ ಅನ್ಲಿ, ನೀವ ಹೇಳ್ರಿ."

ಬಾಗಿಲಲ್ಲಿ ನಿಂತಿದ್ದ ನೀಲಕ್ಕ ಮುಂದೆ ಬಂದಳು. "ಒಂದ್ ಮಾತ್ ಅಂತೇನಿ. ಆವತ್ತ ನಿಮ್ಮ ಕಾಕಾನ ಮಗನ ಬಾಗಿಲಾಗ ಗಾಡಿ ನಿಂತಿತ್ತು. ಕೇಳ್ರಿ, ಕೊಡ್ತಾನ ಅಂತ ನಾ ಬಡಕೊಂಡೆ. ಬದುವಿನ ಜಗಳ ಮುಂದ ಮಾಡಿ ನೀವು ಮೆಟ್ಟಲಾ ಹತ್ತಲಿಲ್ಲ. ಈಗ ಸತ್ತಾವನ ತಲೀಗೆ ಎಲ್ಲಾ ಕಟ್ಟತೀರಿ?"

"ನೀ ಒಳಗ ನಡಿ."

"ನಡೀತೇನಿ, ಚಹಾಕ್ಕ ಇಡಾಕ. ನೀವು ಅಂದ್ರಿ ಅಂತ ಅಲ್ಲ."

ಅಡಿವೆಯ್ಯನವರು ಸಿಟ್ಟಿನಿಂದ ಎದ್ದು, ಟೆಂಪೋದಿಂದ ಇಳಿಸಿದ್ದ ಗಾಡಿಯ ಹತ್ತಿರ ಹೋದರು. ಹಿಂದುಗಡೆ ಕಟ್ಟಿದ್ದ ನೀಲಿ ಹಗ್ಗವನ್ನು ಎಳೆದು, "ಈ ಹಗ್ಗ ನನ್ದಲ್ಲ," ಎಂದರು. ಸಾಮಾನು ಬಿಚ್ಚಿ ಮನೆಯಲ್ಲಿಟ್ಟಿದ್ದರೂ ಆಸಿಫಾ ಹಾಕಿದ ಕೊನೆಯ ಗಂಟು ಮಾತ್ರ ರಜಾಕರ ಕೈಗೆ ಬಿಚ್ಚಿ ಬಂದಿರಲಿಲ್ಲ. ಅಡಿವೆಯ್ಯನವರು ಕೀಲಿ ತಿರುಗಿಸಿ ಒಂದು ಒದೆ ಒದ್ದರು. ಒಂದೇ ಒದೆಗೆ ಇಂಜಿನ್ನು ಎದ್ದು ಹದವಾಗಿ ಬಡಿಯತೊಡಗಿತು. ಕುದುರೆಯ ಎದೆಗೆ ಕಿವಿ ಕೊಟ್ಟವರಂತೆ ಅವರು ಬಾಗಿ ಕೇಳಿದರು.

"ಅಪ್ಪನ ಕಾಲದಿಂದ ಇದು ಒಂದ್ ಒದಿಗೆ ಎದ್ದದ್ದಿಲ್ಲ," ಎಂದು ತಮ್ಮಷ್ಟಕ್ಕೆ ಗೊಣಗಿದರು. ಇಂಜಿನ್ನು ಬಂದ್ ಮಾಡಿ ಕೇಳಿದರು. "ಎಲ್ಲೀತನಕ ಹೋಗಿದ್ದ?"

"ಯಾವಾಗ್ರಿ?"

"ಯಾವಾಗರ. ಇಷ್ಟ ತಿಂಗಳು ಇಟ್ಟಕೊಂಡ್ನಲ್ಲ. ಭಾಳ ಅಂದ್ರ ಎಲ್ಲೀತನಕ ಹೋಗಿದ್ದ?"

"ಸೂಪಾದ ತನಕ್ರಿ."

"ಸೂಪಾ?" ಅಡಿವೆಯ್ಯನವರ ಕಣ್ಣು ದೊಡ್ಡವಾದವು. "ದಾಂಡೇಲಿಯಿಂದ ಸೂಪಾ? ತಾಸಿನ ದಾರಿನೂ ಅಲ್ಲದು! ಅಷ್ಟ?"

"ಅಷ್ಟರಿ. ಲಡಾಖದ ಸಾಮಾನು ಕಟ್ಟಿಕೊಂಡು ಸೂಪಾಕ್ಕ ಹೋಗಿ, ಚಹಾ ಕಾಸಿ ಕುಡಿದು, ಸಂಜೀಕ ಮನಿಗೆ ಬರ್ತಿದ್ದ."

"ಹುಚ್ಚ ಖೋಡಿ!" ಎಂದರು ಅಡಿವೆಯ್ಯ. ಅವರ ದನಿ ಒಡೆದಿತ್ತು. ನಗುತ್ತಿದ್ದರೋ ಅಳುತ್ತಿದ್ದರೋ ರಜಾಕರಿಗೆ ತಿಳಿಯಲಿಲ್ಲ. "ಪರರ ಗಾಡಿ ಹೊಡಕೊಂಡು ಹೋಗಾವ ಕಾಶ್ಮೀರಕ್ಕಾದ್ರೂ ಹೋಗಬಾರ್ದಾಗಿತ್ತ? ಸೂಪಾಕ್ಕ ಹೋಗಾಕ ಇಷ್ಟ ಸುಳ್ಳು ಹೇಳಬೇಕೇನ್ರೀ?"

ನೀಲಕ್ಕ ಚಹಾ ತಂದಳು. ಎಲ್ಲರೂ ಕುಡಿದರು. ಬಟ್ಟಲು ಕೆಳಗಿಟ್ಟು ಅಡಿವೆಯ್ಯನವರು ಹೆಗಲ ವಲ್ಲಿ ತೆಗೆದು ತಲೆಗೆ ಸುತ್ತಿದರು.

"ಏಳ್ರಿ, ದಾಂಡೇಲಿಗೆ ಹೋಗೂಣು."

"ಯಾಕ್ರಿ?"

"ಸುಳ್ಳು ಹೇಳಿದಾವ ಅವ. ನಿಮ್ಮ ಮುಂದ ಯಾಕ ಮಾತಾಡ್ಲಿ? ಅವನ ಮುಂದನ ನಿಂತು ಹೇಳ್ತೇನಿ. ನಡಕ ದಲ್ಲಾಳಿ ಬ್ಯಾಡ."

"ಏನ್ ಹೇಳ್ತೀರಿ, ಅಯ್ಯಾರ?"

"ಅಲ್ಲಿ ಹೋದಾಗ ಏನ್ ಬಾಯಿಗೆ ಬರ್ತೈತಿ ಅದ. ಬೈಗಳ ಬಂದ್ರ ಬೈಗಳ."

ಮುದಕಪ್ಪ ಬರಿದಾದ ಟೆಂಪೋ ನೋಡಿ, "ಹೋಗೂ ಮುಂದ ಗಾಡಿ ಹೇರಿದ್ರಿ, ಬರೂ ಮುಂದ ಚಾಚಾನ್ನೂ ಇಳಿಸಿಕೊಂಡ್ರಿ. ನಾ ಒಬ್ಬಾವ ಹಾಡ ಹಾಡಕೋತ ಹೋಗ್ಲೇನು?" ಎಂದ.

ಹೀಗೆ ಇಬ್ಬರು ಮುದುಕರು ಬುಲೆಟ್ಟಿನ ಮೇಲೆ ಹೊರಟರು. ರಜಾಕರು ಇಷ್ಟು ದೂರ ಬೈಕಿನ ಮೇಲೆ ಕೂತವರಲ್ಲ. ಹಿಡಿಯಲು ಬೇರೇನೂ ಸಿಗದೆ ಆ ನೀಲಿ ಹಗ್ಗವನ್ನೇ ಬಿಗಿಯಾಗಿ ಹಿಡಿದರು. ತುಟಿಗಳು ಪ್ರವಾದಿಯ ಮೇಲಿನ ದರೂದ್ ಓದುತ್ತಿದ್ದವು. ಬೀಳುವ ಹೆದರಿಕೆ ಸಣ್ಣದು. ದೊಡ್ಡ ಹೆದರಿಕೆ ಮುಂದೆ ಕೂತ ಆ ಬೆನ್ನಿನದು. ಆ ಬೆನ್ನಿನಲ್ಲಿ ಕ್ಷಮೆಯಿದೆಯೋ ಶಾಪವಿದೆಯೋ ಹಿಂದೆ ಕೂತವನಿಗೆ ಹೇಗೆ ಕಾಣಬೇಕು? ಗೋರಿಯ ಬಾಯಿಗೆ ನಿಂತು ಇವರು ಕೆಟ್ಟ ಮಾತಾಡಿದರೆ, ಅದಕ್ಕೆ ಇವರನ್ನು ಕರೆತಂದವನು ನಾನೇ ಆಗುತ್ತೇನೆ. ಸುಮ್ಮನೆ ಗಾಡಿ ಬಿಟ್ಟು ಹೋಗಿದ್ದರೆ ಈ ಮನುಷ್ಯನಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಛೇ, ಇದೂ ಒಂದು ಸುಳ್ಳೇ. ತೌಬಾ, ತೌಬಾ.

ರಸ್ತೆಯ ಎರಡೂ ಕಡೆ ಕೊಯ್ಲಿಗೆ ಬಂದ ಭತ್ತ. ಮುಖಕ್ಕೆ ಗಾಳಿ. ಒಂದು ಏರು ಹತ್ತಿ ಇಳಿಯುವಾಗ ಹೊಟ್ಟೆಯಲ್ಲಿ ಏನೋ ಹಗುರವಾಯಿತು. ಈ ದಾರಿ ಇನ್ನೂ ಸ್ವಲ್ಪ ಉದ್ದ ಇರಬಾರದೇ ಎಂದು ಮನಸ್ಸಿಗೆ ಬಂದದ್ದೇ ರಜಾಕರು ಬೆಚ್ಚಿದರು. ಇದನ್ನೇ ಅತೀಕ ಪ್ರತಿ ಬೇಸಿಗೆಯಲ್ಲಿ ಅಣ್ಣನ ಮುಂದೆ ಬಂದು ನಿಂತು ಕೇಳುತ್ತಿದ್ದುದು. ಕಣ್ಣಿನಲ್ಲಿ ನೀರು ಬಂತು. ಗಾಳಿಗೆ ಬಂದದ್ದೆಂದು ಒರೆಸಿಕೊಂಡರು.

ಹಳಿಯಾಳದಲ್ಲಿ ಗಾಡಿ ಹೂವಿನಂಗಡಿಯ ಮುಂದೆ ಹಾದುಹೋಯಿತು. ಅಡಿವೆಯ್ಯನವರು ಕತ್ತು ಹೊರಳಿಸಿ ಕೇಳಿದರು. "ನಿಮ್ಮಲ್ಲಿ ಗೋರಿಗೆ ಹೂ ಒಯ್ತಾರೇನು?"

"ಕೆಲವ್ರು ಒಯ್ತಾರ್ರಿ."

"ಬಯ್ಯಾಕ ಹೊಂಟಾವ ಹೂ ಯಾಕ ಒಯ್ಲಿ!" ಎಂದು ಗಾಡಿ ಮುಂದಕ್ಕೆ ಬಿಟ್ಟರು. ಊರು ಮುಗಿದು ಕಾಡಿನ ದಾರಿ ಸುರುವಾಯಿತು. ಅಲ್ಲಿ ಗಾಡಿ ಒಮ್ಮೆಗೇ ನಿಧಾನವಾಯಿತು, ನಿಂತಿತು. ಅಡಿವೆಯ್ಯನವರು ಒಂದು ಮಾತೂ ಆಡದೆ ಅದನ್ನು ಹಿಂದಕ್ಕೆ ತಿರುಗಿಸಿದರು. ಹಳಿಯಾಳಕ್ಕೆ ಮರಳಿ ಬಂದು ಸೇವಂತಿಗೆಯ ಒಂದು ಮಾಲೆ ಕೊಂಡು, "ಹಿಡೀರಿ," ಎಂದು ರಜಾಕರ ಕೈಗೆ ಕೊಟ್ಟರು.

ದಾಂಡೇಲಿಯ ಕಬರಸ್ತಾನಕ್ಕೆ ಬಂದಾಗ ಸಂಜೆಯ ಅಸರ್ ನಮಾಜಿನ ಹೊತ್ತು ಸಮೀಪಿಸಿತ್ತು. ಅತೀಕನ ಗೋರಿಯ ಮಣ್ಣು ಇನ್ನೂ ಹಸಿಯಾಗಿತ್ತು. ಅಡಿವೆಯ್ಯನವರು ಚಪ್ಪಲಿ ಕಳಚಿ, ತಲೆಯ ವಲ್ಲಿ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಎದುರಿಗೆ ಮನುಷ್ಯನೇ ಕೂತಿರುವಂತೆ ಮಾತಾಡಿದರು.

"ಅತೀಕಾ, ನಾ ಇಂದೂರ ಅಡಿವೆಯ್ಯ. ನಿನ್ನ ನಂಬಿ ಗಾಡಿ ಕೊಟ್ಟಿದ್ದೆ. ನೀ ಸುಳ್ಳು ಹೇಳಿದಿ. ನಮ್ಮಕ್ಕ ನನ್ನ ಹೆಸರ ಹಿಡಿದು ಕರಕೋತ ಹೋದ್ಲು. ಆಕಿ ಮಾತ ನಾ ಕೇಳಲಿಲ್ಲ."

ಅಷ್ಟಕ್ಕೆ ನಿಂತರು. ರಜಾಕರು ಮಾಲೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಎಸಳುಗಳು ಬೆರಳ ಸಂದಿಯಿಂದ ಉದುರುತ್ತಿದ್ದವು. ಯಾ ಅಲ್ಲಾ, ಇವರ ನಾಲಿಗೆಯ ಮೇಲೆ ಒಳ್ಳೆಯ ಮಾತು ಇರಿಸು.

"ಮೆಟ್ಟಲಾ ಹತ್ತಿ ಇನ್ನೊಬ್ಬನ ಗಾಡಿ ಕೇಳದ ಇದ್ದದ್ದು ನನ್ನ ಹಟ," ಎಂದರು ಅಡಿವೆಯ್ಯ, ದನಿ ತಗ್ಗಿಸಿ. "ಅದು ನನ್ದು. ನಾ ಹೊರ್ತೇನಿ. ಗಾಡಿ ಒಯ್ದದ್ದು, ಸುಳ್ಳು ಹೇಳಿದ್ದು ನಿನ್ದು. ನಿನ್ದಷ್ಟು ನಾ ಬಿಟ್ಟೆ. ಪೂರಾ ಬಿಟ್ಟೆ. ಎಲ್ಲಿ ಕೇಳಿದ್ರೂ ಅಡಿವೆಯ್ಯ ಬಿಟ್ಟಾನಂತ ಹೇಳು." ಆಮೇಲೆ ರಜಾಕರ ಕಡೆ ತಿರುಗಿ, ಸಣ್ಣ ದನಿಯಲ್ಲಿ ಕೇಳಿದರು. "ಇಷ್ಟ ಸಾಕೇನ್ರಿ? ನಿಮ್ಮಲ್ಲಿ ಇನ್ನೇನರ ಅನ್ನಬೇಕ?"

"ಸಾಕ್ರೀ ಅಯ್ಯಾರ," ಎಂದರು ರಜಾಕರು.

ಹೂವನ್ನು ಮಣ್ಣಿನ ಮೇಲೆ ಹರಡಿದರು. ಅಡಿವೆಯ್ಯನವರು ಅಂಗಿಯೊಳಗೆ ಕೈ ಹಾಕಿ ಎದೆಯ ಲಿಂಗವನ್ನು ಹಿಡಿದು ಕಣ್ಣು ಮುಚ್ಚಿದರು. ರಜಾಕರು ಎರಡೂ ಕೈ ಎತ್ತಿದರು.

ಯಾ ಅಲ್ಲಾ, ನಿನ್ನ ದಾಸ ಅತೀಕ ನಿನ್ನ ಬಳಿಗೆ ಬಂದಿದ್ದಾನೆ. ಅವನ ಮೇಲಿದ್ದ ಮನುಷ್ಯನ ಹಕ್ಕು ಇಳಿಯಿತು. ಉಳಿದದ್ದು ನಿನ್ನ ಹಕ್ಕು, ನೀನು ಕರುಣಾಳು. ಅವನು ಮನೆಗಾಗಿ ದುಡಿದದ್ದನ್ನು ತೂಕಕ್ಕೆ ಹಾಕು, ಆಡಿದ ಸುಳ್ಳನ್ನು ಮರೆತುಬಿಡು. ಅವನನ್ನು ದೂರ ಹೋಗಗೊಡದವನು ನಾನು, ಅದನ್ನು ನನ್ನ ಲೆಕ್ಕದಲ್ಲಿ ಹಿಡಿ. ತಂದೆಯಿಲ್ಲದ ಮೆಹರೀನಳಿಗೆ ನೀನೇ ನೆರಳಾಗು. ಅಕ್ಕನನ್ನು ಕಳೆದುಕೊಂಡು ನನ್ನ ಪಕ್ಕದಲ್ಲಿ ನಿಂತಿರುವ ಈ ಮನುಷ್ಯನ ಎದೆಗೆ ತಂಪು ಕೊಡು. ನನ್ನ ತಮ್ಮನ ಗೋರಿಯನ್ನು ಅಗಲ ಮಾಡು, ಅದರಲ್ಲಿ ಬೆಳಕು ತುಂಬು. ಅವನ ಮುಂದಿನ ದಾರಿಯನ್ನು ಸುಗಮ ಮಾಡು, ಆ ದಾರಿಯಲ್ಲಿ ಅವನಿಗೆ ಶಾಂತಿ ಕೊಡು. ಆಮೀನ್.